ಹಸಿರು ಚುಕ್ಕೆಯ ಹಿಂದಿನ ತಾಳೆ ಎಣ್ಣೆ

ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಜೈನ ಗೃಹಸ್ಥರಷ್ಟು ಶ್ರದ್ಧೆಯಿಂದ ಓದುವವರು ವಿರಳ. ಕಳವಾದ ಫರಸಾಣ್ ಅಂಗಡಿಗಳಲ್ಲಿ ಹಸಿರು ಚುಕ್ಕೆಯ ಜೊತೆಗೆ ‘ಜೈನ್’ ಎಂದು ಅಚ್ಚಾದ ಪೊಟ್ಟಣಗಳಿಗೆ ವರ್ಷವಿಡೀ ಬೇಡಿಕೆ. ಹಸಿ ತರಕಾರಿಯನ್ನೂ ತ್ಯಜಿಸುವ ದಶಲಕ್ಷಣ ಪರ್ವದಲ್ಲಂತೂ ಹೇಳಬೇಕಾಗಿಲ್ಲ. ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ, ಆಲೂಗಡ್ಡೆಯಿಲ್ಲ ಎಂದು ಖಚಿತವಾದೊಡನೆ ಓದು ನಿಲ್ಲುತ್ತದೆ. ಅದೇ ಪಟ್ಟಿಯಲ್ಲಿ, ಬಹುಮಟ್ಟಿಗೆ ಎರಡನೆಯ ಸ್ಥಾನದಲ್ಲೇ, ‘ಪಾಮೋಲಿನ್’ ಎಂಬ ಪದವಿರುತ್ತದೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ಮೂಲಂಗಿ, ಹಸಿ ಶುಂಠಿಗಳನ್ನು ಆಚಾರ್ಯರು ವರ್ಜಿಸಿದ್ದು ರುಚಿಯ ಕಾರಣಕ್ಕಲ್ಲ. ನಾಲಗೆಗೆ ದೊರೆಯುವ ಫಲ ಅತ್ಯಲ್ಪ, ಅದಕ್ಕಾಗಿ ಅಳಿಯುವ ಜೀವಗಳು ಅಗಣಿತ. ಆದುದರಿಂದ ಅದು ಬಹುಘಾತ. ಈ ಅಳತೆಗೋಲನ್ನು ಗೆಡ್ಡೆಗೆ ಹಿಡಿದು ಕಾಡಿಗೆ ಹಿಡಿಯದಿರುವುದು ಯಾವ ನ್ಯಾಯ? 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನು ತ್ಯಜಿಸಬೇಕಾದ 15 ಖರಕರ್ಮಗಳನ್ನು ಹೆಸರಿಸಿದ್ದಾರೆ. ಕಾಡಿಗೆ ಬೆಂಕಿಯಿಡುವ ದವಪ್ರದ, ಕೆರೆಕುಂಟೆಗಳನ್ನು ಬತ್ತಿಸುವ ಸರಃಶೋಷ ಅವುಗಳಲ್ಲಿ ಎರಡು. ಸುಮಾತ್ರಾ, ಬೋರ್ನಿಯೋ ದ್ವೀಪಗಳಲ್ಲಿ ನಡೆದುದು ಇವೇ ಎರಡು, ಅದೂ ಒಂದರ ಹಿಂದೊಂದು. ಜೌಗುಕಾಡಿನಲ್ಲಿ ಕಾಲುವೆ ತೋಡಿ ನೀರು ಬಸಿಯುತ್ತಾರೆ, ಸಾವಿರಾರು ವರ್ಷಗಳ ಸಸ್ಯಾವಶೇಷದಿಂದಾದ ನೆಲ ಒಣಗುತ್ತದೆ, ಬಳಿಕ ಬೆಂಕಿ. ಆ ಬೆಂಕಿ ನೆಲದೊಳಗೇ ತಿಂಗಳುಗಟ್ಟಲೆ ಹೊಗೆಯಾಡುತ್ತದೆ.

2015ರ ಸೆಪ್ಟೆಂಬರ್ ತಿಂಗಳನ್ನು ನೆನೆಯಬೇಕು. ಪರ್ಯೂಷಣದ ಮಾಂಸ ಮಾರಾಟ ನಿಷೇಧದ ವಿವಾದ ಇದೇ ಠಾಣೆ ಜಿಲ್ಲೆಯ ಮೀರಾ-ಭಾಯಂದರ್‌ನಲ್ಲಿ ಹೊತ್ತಿ ಮುಂಬಯಿಯನ್ನು ವ್ಯಾಪಿಸಿತು; ಬಾಂಬೆ ಹೈಕೋರ್ಟಿನವರೆಗೂ ಹೋಯಿತು. ಅದೇ ತಿಂಗಳು ಇಂಡೋನೇಷ್ಯಾ ಉರಿಯುತ್ತಿತ್ತು. ಆ ವರ್ಷ ಸುಟ್ಟ ನೆಲ ಸುಮಾರು 26 ಲಕ್ಷ ಹೆಕ್ಟೇರ್. ವಿಶ್ವಬ್ಯಾಂಕ್ ಅಂದಾಜಿಸಿದ ನಷ್ಟ 1,600 ಕೋಟಿ ಡಾಲರ್. ಎಲ್ಲವೂ ತಾಳೆ ತೋಟಕ್ಕಾಗಿಯೇ ಅಲ್ಲ, ಕಾಗದದ ಮರಗಳಿಗಾಗಿಯೂ ಹೌದು. ಆದರೆ ನೆರೆಯವನ ತಟ್ಟೆಯ ಹಿಂಸೆಗೆ ದನಿಯೆತ್ತಿದವರಿಗೆ ಸ್ವಂತ ತಟ್ಟೆಯ ಪಾಲು ಕಾಣಲಿಲ್ಲ. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಕೊಳ್ಳುವವನು ಯಾವುದರಿಂದ ಪಾರಾದಾನು?

ತಾಳೆ ಎಣ್ಣೆ ಅಗ್ಗವೆಂಬುದು ವ್ಯಾಪಾರಿಯ ವಾದ. ಅದು ಅಗ್ಗ, ಏಕೆಂದರೆ ಕಾಡಿನ ಬೆಲೆ ಯಾರ ಖರ್ಚಿನ ಬದಿಯಲ್ಲೂ ಬರೆಯಲ್ಪಟ್ಟಿಲ್ಲ. 2017ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಲಾದ ತಪನುಲಿ ಒರಾಂಗುಟಾನ್‌ಗಳು ಆಗಲೇ 800ಕ್ಕಿಂತ ಕಡಿಮೆಯಿದ್ದವು.

ಇನ್ನೊಂದು ವಾದಕ್ಕೆ ತೂಕವಿದೆ. ತಾಳೆ ಹೆಕ್ಟೇರಿಗೆ 3 ಟನ್ನಿಗೂ ಮಿಕ್ಕಿ ಎಣ್ಣೆ ಕೊಡುತ್ತದೆ, ಶೇಂಗಾ 1 ಟನ್ನನ್ನೂ ಮುಟ್ಟದು. ಅಷ್ಟೂ ಎಣ್ಣೆಯನ್ನು ಶೇಂಗಾದಿಂದ ಪಡೆಯಹೊರಟರೆ ಇನ್ನಷ್ಟು ನೆಲ ಬೇಕಲ್ಲವೇ? ಬೇಕು. ಆದುದರಿಂದಲೇ ಎಣ್ಣೆ ಬದಲಿಸಿದರೆ ಸಾಲದು, ಎಣ್ಣೆಯೇ ಕಡಿಮೆಯಾಗಬೇಕು. ಭೋಗೋಪಭೋಗ ಪರಿಮಾಣ ವ್ರತವಿರುವುದು ಇದಕ್ಕಲ್ಲದೆ ಮತ್ತೆ ಯಾವುದಕ್ಕೆ? ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬಂದ ಮನೆಗಳ ಅಜ್ಜಿಯರು ಶೇಂಗಾ, ಕುಸುಬೆ ಎಣ್ಣೆಯನ್ನು ಸೌಟಿನಲ್ಲಿ ಅಳೆದು ಹಾಕುತ್ತಿದ್ದರು. ಕರಿದ ತಿಂಡಿ ಹಬ್ಬಕ್ಕೆ ಮಾತ್ರ. ಈಗ ಅದು ದಿನದ ಚಹಾದ ಸಂಗಾತಿ. ಬಿಸ್ಕತ್ತು, ವನಸ್ಪತಿ, ಸ್ನಾನದ ಸೋಪುಗಳಲ್ಲೂ ತಾಳೆಯೇ. ಸೋಪಿನಲ್ಲಿ ಅದರ ಹೆಸರು ‘ಸೋಡಿಯಂ ಪಾಮೇಟ್’.

ಮನೆಯ ತ್ಯಾಗವಷ್ಟೇ ಸಾಕೆನ್ನುವಂತೆಯೂ ಇಲ್ಲ. 2023-24ರ ತೈಲ ವರ್ಷದಲ್ಲಿ ಭಾರತ ತರಿಸಿಕೊಂಡ ತಾಳೆ ಎಣ್ಣೆ ಸುಮಾರು 90 ಲಕ್ಷ ಟನ್. ಈ ಆಮದನ್ನು ತಗ್ಗಿಸಲೆಂದು ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ 11,040 ಕೋಟಿ ರೂಪಾಯಿಗಳ ತಾಳೆ ಅಭಿಯಾನಕ್ಕೆ ಒಪ್ಪಿಗೆ ನೀಡಿತು. ವಿಶೇಷ ಒತ್ತು ಎಲ್ಲಿಗೆ? ಈಶಾನ್ಯ ರಾಜ್ಯಗಳಿಗೆ, ಅಂಡಮಾನಿಗೆ. ದೇಶದ ಅತಿ ಸಮೃದ್ಧ ಕಾಡುಗಳು ಉಳಿದಿರುವ ಕಡೆಗೇ. ಕಸಾಯಿಖಾನೆಯ ವಿಷಯದಲ್ಲಿ ಮನವಿಪತ್ರ ಹಿಡಿದು ಸಚಿವರ ಬಾಗಿಲಿಗೆ ಹೋಗಬಲ್ಲ ಸಮಾಜದ ಸಂಸ್ಥೆಗಳು ಇದರ ಬಗೆಗೂ ಒಂದು ಮನವಿಪತ್ರ ಬರೆಯಬೇಕು. ಅದಕ್ಕೂ ಮೊದಲು ಬಸದಿಯ ವಾರ್ಷಿಕೋತ್ಸವದ ಊಟಕ್ಕೆ ಅಡುಗೆ ಗುತ್ತಿಗೆ ಕೊಡುವಾಗ, ಕಂದಮೂಲ ವರ್ಜ್ಯವೆಂಬ ಷರತ್ತಿನ ಕೆಳಗೆ ಪಾಮೋಲಿನ್ ವರ್ಜ್ಯವೆಂಬ ಸಾಲನ್ನೂ ಸೇರಿಸಲಿ. ಖರ್ಚು ಸ್ವಲ್ಪ ಹೆಚ್ಚೀತು. ಎರಡು ಕರಿದ ಪದಾರ್ಥ ಕೈಬಿಟ್ಟರೆ ಅದೂ ಸರಿಹೋದೀತು.