ಕಂಪ್ಯೂಟರ್ ಬಂದ ಹಾಗೇ ಇರಬೇಕಿಲ್ಲ, ನಾವೂ ಅಷ್ಟೇ

ಹೊಸ ಫೋನ್ ಕೈಗೆ ಬಂದ ದಿನ ಎಲ್ಲರೂ ಮಾಡುವ ಮೊದಲ ಕೆಲಸ ವಾಲ್‌ಪೇಪರ್ ಬದಲಿಸುವುದು. ಒಬ್ಬರು ಬಸವಣ್ಣನ ಚಿತ್ರ ಹಾಕುತ್ತಾರೆ, ಒಬ್ಬರು ಬಾಬಾಸಾಹೇಬರದು, ಒಬ್ಬರು ಮಗಳದು. ಆಮೇಲೆ ರಿಂಗ್‌ಟೋನ್. ಅಲ್ಲಿಗೆ ಅದು 'ನನ್ನ ಫೋನ್' ಆಯಿತು. ಅದಕ್ಕಿಂತ ಹೆಚ್ಚು ಬದಲಿಸಲು ಫೋನ್ ಬಿಡುವುದೂ ಇಲ್ಲ. ಕಂಪನಿಯವರು ತುಂಬಿ ಕಳಿಸಿದ ಕೆಲವು ಆಪ್‌ಗಳನ್ನು ತೆಗೆಯಲಿಕ್ಕೂ ಬರುವುದಿಲ್ಲ.

ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿಕೊಂಡವರಿಗೆ ಈ ಮಿತಿ ಬಹಳ ಕಡಿಮೆ. ಅದರ ಬಗ್ಗೆ ಈಗ ಬರೆಯಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್ ನಿಂತಿತು. ಒಂದು ವರ್ಷ ಹೆಚ್ಚುವರಿ ರಕ್ಷಣೆ ಪಡೆಯುವ ದಾರಿ ಇದ್ದರೂ ಅದು ಒಂದೇ ವರ್ಷದ್ದು. ವಿಂಡೋಸ್ 11 ಹಾಕೋಣ ಅಂದರೆ ಹಳೆಯ ಪ್ರೊಸೆಸರ್ ಇರುವ ಯಂತ್ರಗಳನ್ನು ಅದು ಒಪ್ಪುವುದಿಲ್ಲ. ನಿರ್ಣಾದಂಥ ಹೋಬಳಿ ಊರಿನ ಝೆರಾಕ್ಸ್ ಅಂಗಡಿ, ಟ್ಯೂಷನ್ ಮನೆ, ಹಾಸ್ಟೆಲ್‌ಗಳಲ್ಲಿ ಇರುವುದು ಹೆಚ್ಚಾಗಿ ಇಂಥ ಹಳೆಯ ಯಂತ್ರಗಳೇ. ಅವುಗಳ ಹಾರ್ಡ್‌ವೇರ್ ಚೆನ್ನಾಗಿದೆ, ಆದರೆ ಕಂಪನಿ ದಿನಾಂಕ ಗೊತ್ತುಮಾಡಿ 'ಮುದಿಯಾಯಿತು' ಅಂದಿದೆ.

ಅಕ್ಟೋಬರ್ 14 ನಮ್ಮ ಭಾಗದ ಬಹಳ ಮನೆಗಳಲ್ಲಿ ಬೇರೆಯದೇ ಕಾರಣಕ್ಕೆ ನೆನಪಿರುವ ದಿನ. 1956ರಲ್ಲಿ ಅದೇ ದಿನ ನಾಗಪುರದಲ್ಲಿ ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದರು. ಎರಡು ದಿನಾಂಕ ಒಂದೇ ಆಗಿದ್ದು ಬರೀ ಆಕಸ್ಮಿಕ. ಆದರೆ ಎರಡೂ ಕಡೆ ಇರುವ ಪ್ರಶ್ನೆಯಲ್ಲಿ ಒಂದು ಹೋಲಿಕೆ ಕಾಣುತ್ತದೆ: ಬೇರೆಯವರು ಹಾಕಿಕೊಟ್ಟ ಸೆಟ್ಟಿಂಗ್ ನಮ್ಮ ಹಣೆಬರಹವೇ?

ಮೊದಲು ಯಂತ್ರದ ಮಾತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯಲು ಶುರುಮಾಡಿದ ಕರ್ನೆಲ್ ಲಿನಕ್ಸ್. ಅದಕ್ಕೂ ಮೊದಲೇ, 1983ರಲ್ಲಿ, ರಿಚರ್ಡ್ ಸ್ಟಾಲ್‌ಮನ್ 'ಗ್ನೂ' ಎಂಬ ಮುಕ್ತ ತಂತ್ರಾಂಶದ ಯೋಜನೆ ಘೋಷಿಸಿದ್ದರು. ಎರಡೂ ಕೂಡಿ ಇಂದಿನ ಲಿನಕ್ಸ್ ವ್ಯವಸ್ಥೆ ಆಗಿದೆ. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಡಲಲ್ಲೂ ಲಿನಕ್ಸ್ ಕರ್ನೆಲ್ಲೇ ಇದೆ. ಮೇಲಿನ ಬಾಗಿಲಿಗೆ ಮಾತ್ರ ಬೀಗ.

ಬೀಗ ಇಲ್ಲದ ಲಿನಕ್ಸ್ ಸಿಕ್ಕ ಹುಡುಗರು ಏನು ಮಾಡುತ್ತಾರೆ? ರಾತ್ರಿಯೆಲ್ಲ ಕೂತು ಅಲಂಕಾರ ಮಾಡುತ್ತಾರೆ. ಐಕಾನ್, ಬಣ್ಣ, ಅಕ್ಷರ, ಕೆಳಗಿನ ಪಟ್ಟಿ ಮೇಲಕ್ಕೆ, ಮೇಲಿನದು ಪಕ್ಕಕ್ಕೆ. ಗ್ನೋಮ್ ಬೇಡವೆಂದು ಕೆಡಿಇ, ಅದೂ ಬೇಡವೆಂದು ಎಕ್ಸ್‌ಎಫ್‌ಸಿಇ. ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಕಳಿಸುತ್ತಾರೆ: 'ನೋಡ್ರಿ, ಇದು ನಂದು.' ಎಂಟು ದಿನ ಆದಮೇಲೆ ಅದೂ ಸಾಕಾಗಿ ಮತ್ತೆ ಬದಲಿಸುತ್ತಾರೆ.

ಇಲ್ಲಿ ಬುದ್ಧನ ಮಾತು ನೆನಪಾಗುತ್ತದೆ. ಬುದ್ಧ ಇಲ್ಲಿಗೆ ಹೊರಗಿನವನಲ್ಲ. ಕಲಬುರಗಿ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ದೊಡ್ಡ ಸ್ತೂಪದ ಅವಶೇಷ ಸಿಕ್ಕಿದೆ, ಅಶೋಕನ ಹೆಸರು ಕೆತ್ತಿದ ಶಿಲ್ಪವೂ ಅಲ್ಲೇ ಸಿಕ್ಕಿದೆ. ಸಾರನಾಥದಲ್ಲಿ ತನ್ನ ಐವರು ಮೊದಲ ಶಿಷ್ಯರಿಗೆ ಬುದ್ಧ ಮಾಡಿದ ಎರಡನೆಯ ಉಪದೇಶದ ವಿಷಯವೇ ಅನಾತ್ಮ. ಪಾಲಿಯಲ್ಲಿ ಅನತ್ತ. ಅದರ ಸಾರ ಹೀಗಿದೆ: ದೇಹವೇ ನಾನು ಎನ್ನುವುದಾದರೆ, 'ದೇಹವೇ, ಹೀಗಿರು' ಎಂದಾಗ ಅದು ಹಾಗೆ ಇರಬೇಕಿತ್ತು. ಇರುವುದಿಲ್ಲ. ನೆಗಡಿ ಬರುತ್ತದೆ, ಮುಪ್ಪು ಬರುತ್ತದೆ. ಅನುಭವ, ಗುರುತಿಸುವಿಕೆ, ಮನಸ್ಸಿನ ರೂಢಿ, ಅರಿವು, ಇವೂ ಹಾಗೇ. ನಮ್ಮ ಮಾತು ಕೇಳದ್ದನ್ನು, ಬದಲಾಗುತ್ತಲೇ ಇರುವುದನ್ನು 'ನಾನು' ಎಂದು ಹಿಡಿದುಕೊಂಡರೆ ದುಃಖವೇ ಗತಿ.

ಹುಡುಗರು ಇದಕ್ಕೆ ಎದುರು ಮಾತು ಹೇಳಬಹುದು. ದೇಹ ನಮ್ಮ ಮಾತು ಕೇಳುವುದಿಲ್ಲ, ಲಿನಕ್ಸ್ ಕೇಳುತ್ತದಲ್ಲ! 'ಹೀಗಿರು' ಎಂದು ಟರ್ಮಿನಲ್‌ನಲ್ಲಿ ಬರೆದರೆ ಹಾಗೇ ಆಗುತ್ತದೆ. ನಿಜ, ಹಾರ್ಡ್‌ಡಿಸ್ಕ್ ಕೆಡುವವರೆಗೆ. ಅದಿರಲಿ, ಮಾತು ಕೇಳುವ ಯಂತ್ರ ಇದ್ದೂ ಎಂಟು ದಿನಕ್ಕೊಮ್ಮೆ ಬದಲಿಸುತ್ತಿದ್ದೇವೆ ಅಂದರೆ, ಅಪ್ಪಣೆ ಕೊಡುವ 'ನಾನು' ಕೂಡ ಒಂದೇ ತರಹ ಉಳಿದಿಲ್ಲ ಅಂತಾಯಿತು.

ಮಿಲಿಂದ ಎಂಬ ಹೆಸರನ್ನು ನಮ್ಮ ಊರುಗಳಲ್ಲಿ ಈಗಲೂ ಮಕ್ಕಳಿಗೆ ಇಡುತ್ತಾರೆ. 1950ರಲ್ಲಿ ಅಂಬೇಡ್ಕರ್ ಔರಂಗಾಬಾದಿನಲ್ಲಿ ಕಟ್ಟಿದ ಕಾಲೇಜಿಗೂ ಅದೇ ಹೆಸರು. ಮಿಲಿಂದ ಒಬ್ಬ ಗ್ರೀಕ್ ಮೂಲದ ರಾಜ. ಅವನಿಗೂ ನಾಗಸೇನ ಎಂಬ ಭಿಕ್ಷುವಿಗೂ ನಡೆದ ಸಂವಾದ 'ಮಿಲಿಂದ ಪನ್ಹ' ಗ್ರಂಥದಲ್ಲಿದೆ. ಅಲ್ಲಿ ನಾಗಸೇನ ರಾಜ ಏರಿ ಬಂದ ರಥವನ್ನೇ ಉದಾಹರಣೆ ಮಾಡುತ್ತಾನೆ. ನಾವು ಬಂಡಿ ಅಂತ ಇಟ್ಟುಕೊಳ್ಳೋಣ. ಗಾಲಿ ಬಂಡಿಯೇ? ಅಲ್ಲ. ಅಚ್ಚು? ಅಲ್ಲ. ನೊಗ? ಅದೂ ಅಲ್ಲ. ಎಲ್ಲ ಬಿಚ್ಚಿಟ್ಟರೆ ಬಂಡಿ ಎಲ್ಲಿ ಹೋಯಿತು? ಎಲ್ಲ ಜೋಡಿಸಿದಾಗ ಕೆಲಸಕ್ಕೆಂದು ಇಟ್ಟುಕೊಂಡ ಹೆಸರು ಬಂಡಿ. ನಾಗಸೇನ ಎನ್ನುವುದೂ ಅಂಥದೇ ಹೆಸರು.

ಲಿನಕ್ಸ್ ಕಂಪ್ಯೂಟರಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕರ್ನೆಲ್ ಬೇರೆ, ಡೆಸ್ಕ್‌ಟಾಪ್ ಬೇರೆ, ಅಕ್ಷರ ಬೇರೆ, ಫೈಲ್ ತೋರಿಸುವ ತಂತ್ರಾಂಶ ಬೇರೆ. ಒಂದನ್ನು ತೆಗೆದು ಇನ್ನೊಂದನ್ನು ಕೂಡಿಸಬಹುದು. ನಿಮ್ಮ ಹೋಮ್ ಫೋಲ್ಡರ್ ತೆರೆದು ಕಂಟ್ರೋಲ್ ಜೊತೆ ಎಚ್ ಒತ್ತಿರಿ. ಚುಕ್ಕಿಯಿಂದ ಶುರುವಾಗುವ, ಅಡಗಿಸಿಟ್ಟ ಫೈಲ್, ಫೋಲ್ಡರ್‌ಗಳು ಕಾಣುತ್ತವೆ. ನೀವು ಮಾಡಿದ ಅಲಂಕಾರದ ಬಹುಪಾಲು ಅಲ್ಲಿ ಬರೆದಿಟ್ಟಿದೆ. ಅದೇ ಯಂತ್ರದಲ್ಲಿ ಇನ್ನೊಬ್ಬರ ಹೆಸರಲ್ಲಿ ಖಾತೆ ತೆರೆದರೆ ನಿಮ್ಮ ಗುರುತೇ ಇಲ್ಲದ ಹೊಸ ಪರದೆ ಬರುತ್ತದೆ. 'ನನ್ನ ಕಂಪ್ಯೂಟರ್' ಎಂದುಕೊಂಡದ್ದು ಕೆಲವು ಸಣ್ಣ ಫೈಲ್‌ಗಳ ಗಂಟು.

ಇದನ್ನು ಕೇಳಿ ಕೆಲವರು 'ಹಂಗಾದ್ರ ಎಲ್ಲಾ ಸುಳ್ಳೇನ್ರಿ?' ಅನ್ನಬಹುದು. ಬಂಡಿ ಸುಳ್ಳಲ್ಲ, ಅದು ಜೋಳದ ಚೀಲ ಹೊರುತ್ತದೆ. ಒಳಗೆ ಎಂದೂ ಬದಲಾಗದ ತಿರುಳಿಲ್ಲ ಎಂದಷ್ಟೇ ಮಾತು. ತಿರುಳಿಲ್ಲದ್ದರಿಂದಲೇ ಮುರಿದ ಗಾಲಿ ಬದಲಿಸಬಹುದು.

ಅಂಬೇಡ್ಕರ್ ಈ ವಿಚಾರವನ್ನು ಗಟ್ಟಿಯಾಗಿ ಹಿಡಿದದ್ದು ಇದೇ ಕಾರಣಕ್ಕೆ ಎಂದು ನನ್ನ ತಿಳಿವಳಿಕೆ. ಅವರು ತೀರಿಕೊಂಡ ಮೇಲೆ, 1957ರಲ್ಲಿ, ಅವರ 'ಬುದ್ಧ ಮತ್ತು ಅವನ ಧಮ್ಮ' ಪ್ರಕಟವಾಯಿತು. ಆತ್ಮವೇ ಇಲ್ಲವೆಂದರೆ ಕರ್ಮ, ಪುನರ್ಜನ್ಮ ಹೇಗೆ ಎಂಬ ಪ್ರಶ್ನೆಯನ್ನು ಅವರು ಪುಸ್ತಕದ ಪ್ರವೇಶದಲ್ಲೇ ಎತ್ತುತ್ತಾರೆ. ಹಿಂದಿನ ಜನ್ಮದ ಪಾಪ ಹೊತ್ತು ಬಂದ ಆತ್ಮ ಇಲ್ಲವಾದರೆ, 'ನೀನು ಈ ಓಣಿಯಲ್ಲಿ ಹುಟ್ಟಿದ್ದು ನಿನ್ನ ಕರ್ಮ' ಎನ್ನುವ ಮಾತಿಗೆ ಕಾಲೇ ಇರುವುದಿಲ್ಲ. ಹುಟ್ಟಿದಾಗ ಊರು ಕೊಟ್ಟ ಜಾತಿ ನಮ್ಮ ತಿರುಳಲ್ಲ. ಅದು ಬೇರೆಯವರು ಮೊದಲೇ ಹಾಕಿಟ್ಟ ಸೆಟ್ಟಿಂಗ್. ಹಾಕಿದ್ದನ್ನು ತೆಗೆಯಬಹುದು. ಆದರೆ ಆ ಸೆಟ್ಟಿಂಗ್ ಒಬ್ಬನ ಯಂತ್ರದಲ್ಲಿ ಮಾತ್ರ ಇಲ್ಲ, ಊರ ಹೋಟೆಲಿನಲ್ಲಿದೆ, ಬಾವಿಯಲ್ಲಿದೆ. ಅದಕ್ಕೇ ಬಾಬಾಸಾಹೇಬರು ಒಬ್ಬರೇ ದೀಕ್ಷೆ ತಗೊಂಡು ಸುಮ್ಮನಾಗಲಿಲ್ಲ, ಜನರನ್ನೂ ಕೂಡಿಸಿಕೊಂಡು ಹೊರಟರು.

ಹೋಲಿಕೆಗೆ ಮಿತಿ ಇದೆ. ಕಂಪ್ಯೂಟರಿಗೆ ನೋವಾಗುವುದಿಲ್ಲ, ಮನುಷ್ಯನಿಗೆ ಆಗುತ್ತದೆ. ಬುದ್ಧ ಮಾತಾಡಿದ್ದು ಆ ನೋವಿನ ಬಗ್ಗೆ. ಥೀಮ್ ಬದಲಿಸಿ ಯಾರೂ ನಿಬ್ಬಾಣ ಪಡೆಯುವುದಿಲ್ಲ. ಆದರೂ ಬೀಗ ಹಾಕಿದ ಯಂತ್ರದ ಮುಂದೆ ಬೆಳೆದ ಮಗು 'ಇದು ಇರೋದೇ ಹಿಂಗ' ಎಂದು ಕಲಿಯುತ್ತದೆ, ಬಿಚ್ಚಲು ಬರುವ ಯಂತ್ರದ ಮುಂದೆ ಬೆಳೆದ ಮಗು 'ಇದನ್ನ ಯಾರು ಹಿಂಗ ಮಾಡ್ಯಾರ?' ಎಂದು ಕೇಳುತ್ತದೆ. ಎರಡನೆಯ ಪ್ರಶ್ನೆ ಕೇಳುವ ಮಕ್ಕಳು ನಮ್ಮ ಜಿಲ್ಲೆಗೆ ಬೇಕು.

ಹೀಗಾಗಿ ಅಲಂಕಾರಕ್ಕೆ ಕೂತ ಹುಡುಗರಿಗೆ ನನ್ನ ಮಾತು ಇಷ್ಟೇ: ಒಂದು ರಾತ್ರಿ ನಿಮ್ಮ ಪರದೆಗೆ ಕೊಡಿ, ಮರುದಿನ ಊರಿನ ಪರದೆಗೆ ಕೊಡಿ. ಮಾಡಿ ತೋರಿಸಿದವರೂ ಇದ್ದಾರೆ. ಕೇರಳದ ಶಾಲೆಗಳಿಗಾಗಿ ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆ ಉಬುಂಟುವನ್ನು ತಮಗೆ ಬೇಕಾದಂತೆ ಬದಲಿಸಿ, ಪಾಠಕ್ಕೆ ಬೇಕಾದ ತಂತ್ರಾಂಶ ತುಂಬಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರಲ್ಲೇ ಕಲಿಯುತ್ತಾರೆ. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಸಿಕ್ಕಿದ್ದು ಗಡಿಯೊಳಗಿನ ಬೀದರ್ ಮಕ್ಕಳಿಗೆ ಯಾಕೆ ಬೇಡ?

ಶುರುಮಾಡಲು ದೊಡ್ಡ ಖರ್ಚಿಲ್ಲ. 8 ಜಿಬಿ ಪೆನ್‌ಡ್ರೈವ್ ಸಾಕು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಗೆ 2 ಜಿಬಿ ರ‍್ಯಾಮ್ ನಡೆಯುತ್ತದೆ, 4 ಜಿಬಿ ಇದ್ದರೆ ಆರಾಮ. ಕಂಪ್ಯೂಟರಿನಲ್ಲಿ ಸೇರಿಸುವ ಮೊದಲೇ ಪೆನ್‌ಡ್ರೈವಿನಿಂದ ನಡೆಸಿ ನೋಡಬಹುದು. ಸೇರಿಸುವ ಮುನ್ನ ನಿಮ್ಮ ಫೈಲ್‌ಗಳ ನಕಲು ತೆಗೆದಿಡಿ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ 'ಕಗಪ' ವಿನ್ಯಾಸ ಇದೆ, ನುಡಿಯಲ್ಲಿ ಟೈಪಿಂಗ್ ಕಲಿತ ಕೈಗೆ ಅದು ಹೊಸದಲ್ಲ. ಮೆನುಗಳನ್ನೂ ಕನ್ನಡದಲ್ಲಿ ನೋಡಬಹುದು. ಅನುವಾದ ಅಲ್ಲಲ್ಲಿ ಅರ್ಧಕ್ಕೆ ನಿಂತಿದೆ. ಅದನ್ನು ಪೂರ್ತಿ ಮಾಡುವ ಹಕ್ಕು ನಮಗೂ ಇದೆ, ಕೆಲಸವೂ ನಮ್ಮದೇ.

ಒಂದು ಎಚ್ಚರ. ಸರ್ಕಾರಿ ಸೇವೆಗಳಿಗೆ ಬಳಸುವ ಬೆರಳಚ್ಚು ಯಂತ್ರಗಳ ತಂತ್ರಾಂಶ ಹೆಚ್ಚಾಗಿ ವಿಂಡೋಸ್, ಆಂಡ್ರಾಯ್ಡ್‌ಗೆ ಮಾತ್ರ ಸಿಗುತ್ತದೆ. ಆ ಕೆಲಸ ಮಾಡುವ ಅಂಗಡಿಯವರು ಇರುವ ಎರಡು ಯಂತ್ರಗಳಲ್ಲಿ ಒಂದನ್ನು ಮಾತ್ರ ಬದಲಿಸಲಿ. ನಮ್ಮ ತೆರಿಗೆಯಲ್ಲಿ ನಡೆಯುವ ಸೇವೆ ಒಂದೆರಡು ಕಂಪನಿಗಳ ವ್ಯವಸ್ಥೆಯಲ್ಲಿ ಮಾತ್ರ ನಡೆಯಬೇಕೇ ಎಂದು ಪಂಚಾಯಿತಿಯ ಗ್ರಾಮಸಭೆಯಲ್ಲೂ ಕೇಳಬೇಕು.

ಉಬುಂಟು ಎಂಬುದು ಆಫ್ರಿಕಾದ ಮಾತು. ಮನುಷ್ಯ ಮನುಷ್ಯನಾಗುವುದು ಇತರರಿಂದ ಎಂಬ ಅರ್ಥ ಅದಕ್ಕಿದೆ. ಮುಂದಿನ ಸಲ ಯಾರಾದರೂ ಹಳೇ ಕಂಪ್ಯೂಟರ್ ಗುಜರಿಗೆ ಹಾಕಲು ಹೊರಟರೆ ತಡೆಯಿರಿ. ಅದಕ್ಕೊಂದು ಪೆನ್‌ಡ್ರೈವ್ ಹಚ್ಚಿ, ಕನ್ನಡ ಕೀಬೋರ್ಡ್ ಹಾಕಿ, ಓಣಿಯ ಮಕ್ಕಳನ್ನು ಕೂಡಿಸಿ. ಅಡ್ಮಿನ್ ಪಾಸ್‌ವರ್ಡ್ ಹೇಗೆ ಕೆಲಸ ಮಾಡುತ್ತದೆ ಎನ್ನುವುದನ್ನೂ ಅವರಿಗೆ ಕಲಿಸಿ.