ಹೆದ್ದಾರಿಯನ್ನು ಕೆಡವಿದ ನಗರ

ವಾಹನಗಳು ಕಿಕ್ಕಿರಿದರೆ ಇನ್ನೊಂದು ರಸ್ತೆಯನ್ನು ಕಟ್ಟಬೇಕೆಂಬುದು ಮೇಲುನೋಟಕ್ಕೆ ತರ್ಕಶುದ್ಧವಾದ ಮಾತು. ಆದರೆ ಹೊಸ ರಸ್ತೆಯು ಇದ್ದ ವಾಹನಗಳಿಗೆ ಎಡೆಗೊಟ್ಟು ಸುಮ್ಮನಾಗುವುದಿಲ್ಲ. ಅದುವರೆಗೆ ಮನೆಯ ಮುಂದೆ ನಿಂತಿದ್ದ ಕಾರುಗಳನ್ನೂ ಕೈಬೀಸಿ ಕರೆಯುತ್ತದೆ.

ದಕ್ಷಿಣ ಕೊರಿಯದ ಸೋಲ್ ನಗರ ಇದಕ್ಕೆ ವಿರುದ್ಧವಾದ ಹಾದಿ ಹಿಡಿಯಿತು. ಚಂಗ್‌ಗ್ಯೆಚನ್ ಎಂಬ ತೊರೆಯನ್ನು ಮುಚ್ಚಿ, ಅದರ ನೆತ್ತಿಯ ಮೇಲೆ ಅಲ್ಲಿನವರು ಹೆದ್ದಾರಿಯನ್ನು ಕಟ್ಟಿದ್ದರು. 2003ರ ಜುಲೈಯಲ್ಲಿ ಜೀರ್ಣವಾಗಿದ್ದ ಅದನ್ನು ಕೆಡವತೊಡಗಿದಾಗ ಸುತ್ತಣ ವರ್ತಕರು ಪ್ರತಿಭಟಿಸಿದರು. ಪಟ್ಟಣವೇ ಸ್ತಬ್ಧವಾದೀತೆಂಬ ಭೀತಿಯೂ ಇತ್ತು. ಹಾಗಾಗಲಿಲ್ಲ. 2004ರ ಜುಲೈಯಲ್ಲಿ ಬಸ್ಸಿನ ಮಾರ್ಗಗಳನ್ನೆಲ್ಲ ಹೊಸದಾಗಿ ಹೆಣೆದರು; ಕೆಲವು ಹೆಬ್ಬೀದಿಗಳ ನಡುಭಾಗವನ್ನು ಬಸ್ಸಿಗೇ ಮೀಸಲಿಟ್ಟರು; ಬಸ್ಸು ಬದಲಿಸಿದರೂ, ಸುರಂಗ ರೈಲು ಹತ್ತಿದರೂ ಒಟ್ಟು ದೂರಕ್ಕೆ ತಕ್ಕ ಒಂದೇ ದರವೆಂದರು. 2005ರ ಅಕ್ಟೋಬರಿನಲ್ಲಿ ಸುಮಾರು 5.8 ಕಿಲೋಮೀಟರ್ ಉದ್ದದ ತೊರೆ ಮರಳಿ ಬೆಳಕು ಕಂಡಿತು. (ಅದರ ನೀರು ಬಹುಪಾಲು ಹಾನ್ ನದಿಯಿಂದ ಯಂತ್ರವೆತ್ತಿದ ನೀರು, ಕವಿಗಳು ಅವಸರಪಡತಕ್ಕದ್ದಿಲ್ಲ.)

ಎಲ್ಲರೂ ತೊರೆಯನ್ನು ಕೊಂಡಾಡುತ್ತಾರೆ. ನನಗೆ ಬಸ್ಸಿನ ಸಂಗತಿಯೇ ದೊಡ್ಡದು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿಯೂ 2019ರಲ್ಲಿ ಗೂಟಗಳನ್ನು ನೆಟ್ಟು ಬಸ್ಸಿಗೊಂದು ಪಥವನ್ನು ಬೇರ್ಪಡಿಸಿದ್ದರು. ಅನಂತರದ ಮೆಟ್ರೋ ಕಾಮಗಾರಿ ಅದನ್ನು ನುಂಗಿತು. ಮೇಲುಸೇತುವೆಗೆ ದೊರೆಯುವ ಆದರ ಆ ಗೂಟಗಳಿಗೆ ದೊರೆಯಲಿಲ್ಲ. ಒಬ್ಬೊಬ್ಬರೇ ಕುಳಿತ ಕಾರುಗಳ ಸಾಲಿನ ಹಿಂದೆ ಐವತ್ತು ಜನರ ಬಸ್ಸು ನಿಂತಿರುವುದನ್ನು ಯಾವ ನ್ಯಾಯ ಒಪ್ಪೀತು? ಮೊದಲ ಪಾಠಕ್ಕೆ ತಡವಾಗಿ ಬರುವ ವಿದ್ಯಾರ್ಥಿಯನ್ನು ಗದರಿಸುವುದು ಸುಲಭ. ಹೊಸ ಹೆದ್ದಾರಿಯ ನಕ್ಷೆ ಬಿಡಿಸುವ ಮುನ್ನ ಆ ಪಥವನ್ನು ಬಸ್ಸಿಗೆ ಮರಳಿ ಕೊಡಲಿ.