ಘಟ್ಟ ಹತ್ತಿದ ತಂತಿ, ಕಾಡು ಕೇಳುವ ಲೆಕ್ಕ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರ್ ರೈಲು ಮಾರ್ಗ ನಮ್ಮ ಘಟ್ಟಸಾಲಿನ ಅತ್ಯಂತ ಕಠಿಣ ಹಾದಿಗಳಲ್ಲಿ ಒಂದು. 57 ಸುರಂಗಗಳು, ನೂರಾರು ಸೇತುವೆಗಳು, ಐವತ್ತು ಅಡಿಗೆ ಒಂದು ಅಡಿಯ ಏರು. 1979ರಲ್ಲಿ ಮೀಟರ್‌ಗೇಜ್ ಆಗಿ ತೆರೆದ ಈ ಮಾರ್ಗ ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿತು. 2006ರಲ್ಲಿ ಗೂಡ್ಸ್ ಗಾಡಿಗಳಿಗೂ 2007ರ ಕೊನೆಗೆ ಪ್ರಯಾಣಿಕರಿಗೂ ಮತ್ತೆ ತೆರೆಯಿತು. 2025ರಲ್ಲಿ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿ ಇದೇ ಮಾರ್ಗದಲ್ಲಿ 25,000 ವೋಲ್ಟ್‌ನ ತಂತಿ ಎಳೆಯುವ ಕೆಲಸ ನಡೆಯಿತು. ಡೀಸೆಲ್ ಎಂಜಿನ್ನಿನ ಜಾಗಕ್ಕೆ ವಿದ್ಯುತ್ ಎಂಜಿನ್ ಬರುವುದನ್ನು ಪರಿಸರದ ಗೆಲುವೆಂದು ಸಂಭ್ರಮಿಸಬೇಕೆ, ಅಭಿವೃದ್ಧಿಯ ಇನ್ನೊಂದು ವೇಷವೆಂದು ಅನುಮಾನಿಸಬೇಕೆ ಎಂಬ ಪ್ರಶ್ನೆಯನ್ನು ಬಳಗದ ಅನೇಕ ಗೆಳೆಯರು ಎತ್ತುತ್ತಿದ್ದಾರೆ. ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ವಿದ್ಯುತ್ ಎಂಜಿನ್ ಬೆಳೆದು ಬಂದ ದಾರಿಯನ್ನು ತಿಳಿಯುವುದು ಅಗತ್ಯ.

ವಿದ್ಯುತ್ ರೈಲಿನ ಚರಿತ್ರೆ ಬಹುಮಟ್ಟಿಗೆ ಬೆಟ್ಟಗಳ ಚರಿತ್ರೆಯೇ ಆಗಿದೆ. ಉಗಿ ಎಂಜಿನ್ ತನ್ನ ಕಲ್ಲಿದ್ದಲನ್ನೂ ನೀರನ್ನೂ ತಾನೇ ಹೊತ್ತು ಏರಬೇಕಿತ್ತು. ಸುರಂಗದೊಳಗೆ ಹೊಗೆ ಉಗುಳಿ ಚಾಲಕರ ಉಸಿರುಗಟ್ಟಿಸುತ್ತಿತ್ತು. ವಿದ್ಯುತ್ ಎಂಜಿನ್ ಶಕ್ತಿಯನ್ನು ಹೊರಗಿನ ತಂತಿಯಿಂದ ಪಡೆಯುವುದರಿಂದ ಈ ಎರಡೂ ಹೊರೆ ಅದಕ್ಕಿಲ್ಲ. 1902ರಲ್ಲಿ ಉತ್ತರ ಇಟಲಿಯ ವಾಲ್ಟೆಲಿನಾ ಕಣಿವೆಯ ಮಾರ್ಗದಲ್ಲಿ ಹಂಗೇರಿಯ ಎಂಜಿನಿಯರ್ ಕಾಲ್ಮನ್ ಕಾಂಡೋ ರೂಪಿಸಿದ ಮೂರು-ಫೇಸ್ ವಿದ್ಯುತ್ ವ್ಯವಸ್ಥೆಯಲ್ಲಿ ರೈಲುಗಳು ಓಡಿದವು. ಅದಕ್ಕೆ ಬೇಕಾದ ವಿದ್ಯುತ್ತು ಆ ಕಣಿವೆಯ ನದಿಯಿಂದಲೇ ಬಂತು. ಮೊದಲ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲಿಗಾಗಿ ಪರದೇಶದ ಬಾಗಿಲು ಕಾಯಬೇಕಾಗಿ ಬಂದ ಸ್ವಿಟ್ಜರ್ಲೆಂಡ್, 1920ರಿಂದ 1922ರ ಅವಧಿಯಲ್ಲಿ ತನ್ನ ಗೊಟ್ಟಾರ್ಡ್ ಪರ್ವತ ಮಾರ್ಗವನ್ನು ವಿದ್ಯುದೀಕರಿಸಿತು. ಅದಕ್ಕಾಗಿ ಅಲ್ಲಿನ ರೈಲ್ವೆ ರಿಟೋಮ್ ಮತ್ತು ಆಮ್‌ಸ್ಟೆಗ್‌ಗಳಲ್ಲಿ ಸ್ವಂತ ಜಲವಿದ್ಯುತ್ ಕೇಂದ್ರಗಳನ್ನೇ ಕಟ್ಟಿಕೊಂಡಿತು. ರೈಲನ್ನು ಬದಲಿಸುವಾಗಲೇ ಅದರ ಶಕ್ತಿ ಎಲ್ಲಿಂದ ಬರಬೇಕು ಎಂಬುದನ್ನೂ ಅವರು ನಿರ್ಧರಿಸಿದ್ದರು.

ನಮ್ಮ ದೇಶದಲ್ಲಿ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿತು. ಕೆಲವೇ ವರ್ಷಗಳಲ್ಲಿ ತಂತಿ ಸಹ್ಯಾದ್ರಿಯ ಭೋರ್ ಘಾಟನ್ನು ಏರಿತು. 1930ರ ಜೂನ್ 1ರಂದು ಮುಂಬಯಿ–ಪುಣೆ ನಡುವೆ ಆರಂಭವಾದ ಡೆಕ್ಕನ್ ಕ್ವೀನ್ ಗಾಡಿಯನ್ನು ಎಳೆದದ್ದು ವಿದ್ಯುತ್ ಎಂಜಿನ್. ಆ ಕಾಲದ ಪ್ರಯಾಣಿಕ ಎಂಜಿನ್‌ಗಳಲ್ಲೊಂದು ಇಂದಿಗೂ ದೆಹಲಿಯ ರೈಲು ಸಂಗ್ರಹಾಲಯದಲ್ಲಿದೆ. ಘಾಟಿಯಲ್ಲಿ ಹೊಗೆ ನಿಂತಿತು, ನಿಜ. ಆದರೆ ಆ ರೈಲ್ವೆಗೆ ವಿದ್ಯುತ್ ಒದಗಿಸಲು ಕಲ್ಯಾಣದ ಬಳಿಯ ಠಾಕುರ್ಲಿಯಲ್ಲಿ ಕಟ್ಟಿದ ಕೇಂದ್ರ ಕಲ್ಲಿದ್ದಲನ್ನೇ ಉರಿಸುತ್ತಿತ್ತು. ಅದೇ ಘಟ್ಟಸಾಲಿನ ಮುಳಶಿಯಲ್ಲಿ, ಮುಂಬಯಿಗೆ ಜಲವಿದ್ಯುತ್ ಕೊಡಲೆಂದು ಕಟ್ಟುತ್ತಿದ್ದ ಟಾಟಾ ಅಣೆಕಟ್ಟಿನ ವಿರುದ್ಧ 1921ರಿಂದ ರೈತರು ಸೇನಾಪತಿ ಬಾಪಟರ ನೇತೃತ್ವದಲ್ಲಿ ಸತ್ಯಾಗ್ರಹ ಹೂಡಿದ್ದರು. ನಗರದ ಬೆಳಕಿಗೆ ಘಟ್ಟದ ಜನ ಬೆಲೆ ತೆರುವ ಕತೆ ನಮ್ಮಲ್ಲಿ ಶತಮಾನದಷ್ಟು ಹಳೆಯದು.

ಸ್ವಾತಂತ್ರ್ಯಾನಂತರ, 1957ರಲ್ಲಿ ಭಾರತೀಯ ರೈಲ್ವೆ ಫ್ರಾನ್ಸಿನ ಮಾದರಿಯನ್ನು ಅನುಸರಿಸಿ 25,000 ವೋಲ್ಟ್‌ನ ಪರ್ಯಾಯ ವಿದ್ಯುತ್ ವ್ಯವಸ್ಥೆಯನ್ನು ಒಪ್ಪಿಕೊಂಡಿತು. ಉಗಿ ಎಂಜಿನ್ ಕಟ್ಟಲೆಂದು ಹುಟ್ಟಿದ ಚಿತ್ತರಂಜನ್ ಕಾರ್ಖಾನೆ 1961ರಲ್ಲಿ ವಿದ್ಯುತ್ ಎಂಜಿನ್ ತಯಾರಿಕೆಗೆ ತೊಡಗಿತು. ಪ್ರಯಾಣಿಕ ಗಾಡಿಗಳಿಗೆಂದೇ ರೂಪಿಸಿದ ಪರ್ಯಾಯ ವಿದ್ಯುತ್ತಿನ ಮೊದಲ ದೇಶೀ ಎಂಜಿನ್ ಡಬ್ಲ್ಯುಎಪಿ-1 ಬಂದದ್ದು 1980ರಲ್ಲಿ. ಈ ಹೆಸರಿನಲ್ಲಿ ಮೊದಲಕ್ಷರ ಬ್ರಾಡ್‌ಗೇಜನ್ನೂ ಎರಡನೆಯದು ಪರ್ಯಾಯ ವಿದ್ಯುತ್ತನ್ನೂ ಮೂರನೆಯದು ಪ್ರಯಾಣಿಕ ಸೇವೆಯನ್ನೂ ಸೂಚಿಸುತ್ತವೆ. 1995ರಲ್ಲಿ ಎಬಿಬಿ ಕಂಪನಿಯಿಂದ ಆಮದಾದ ಡಬ್ಲ್ಯುಎಪಿ-5, ಮೂರು-ಫೇಸ್ ಮೋಟಾರನ್ನು ನಮ್ಮ ಹಳಿಗೆ ತಂದಿತು. ಕಾಂಡೋ ಕನಸಿದ ಮೋಟಾರು ಎಲೆಕ್ಟ್ರಾನಿಕ್ ನಿಯಂತ್ರಣದ ಬಲದಿಂದ ಶತಮಾನದ ಕೊನೆಗೆ ಮತ್ತೆ ಮುನ್ನೆಲೆಗೆ ಬಂತು. 2000ದಲ್ಲಿ, ಗೂಡ್ಸ್ ಎಂಜಿನ್ನೊಂದರ ಗಿಯರ್ ಅನುಪಾತವನ್ನು ಬದಲಿಸಿ ಚಿತ್ತರಂಜನ್ ಸಿದ್ಧಪಡಿಸಿದ ಆರು ಅಚ್ಚುಗಳ ಡಬ್ಲ್ಯುಎಪಿ-7, ಆರು ಸಾವಿರಕ್ಕೂ ಹೆಚ್ಚು ಅಶ್ವಶಕ್ತಿಯದು. ಇಂದು ದೇಶದ ದೂರಪ್ರಯಾಣದ ಗಾಡಿಗಳ ಬೆನ್ನೆಲುಬು ಅದೇ.

ಈ ಹೊಸ ತಲೆಮಾರಿನ ಎಂಜಿನ್ನಿನಲ್ಲಿ ಘಟ್ಟದವರು ಗಮನಿಸಬೇಕಾದ ಗುಣ ವೇಗವಲ್ಲ. ಗಂಟೆಗೆ ಮೂವತ್ತು ಕಿಲೋಮೀಟರ್ ಮೀರದ ಹಾದಿಯಲ್ಲಿ ವೇಗಕ್ಕೇನು ಬೆಲೆ? ಅದು ಇಳಿಯುವ ಬಗೆಯನ್ನು ನೋಡಬೇಕು. ಸಕಲೇಶಪುರದಿಂದ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಇಳಿತ ಏಳುನೂರು ಮೀಟರಿಗೂ ಮಿಗಿಲು. ಸಾವಿರ ಟನ್ ತೂಕದ ಒಂದು ಗಾಡಿಯನ್ನು ಏಳುನೂರು ಮೀಟರ್ ಎತ್ತಲು, ಘರ್ಷಣೆಯನ್ನು ಬಿಟ್ಟು ಎತ್ತರದ ಲೆಕ್ಕವೊಂದನ್ನೇ ಹಿಡಿದರೂ, ಸುಮಾರು 1,900 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕು. ಅದೇ ಗಾಡಿ ಇಳಿಯುವಾಗ ಅಷ್ಟೇ ಶಕ್ತಿ ಬಿಡುಗಡೆಯಾಗುತ್ತದೆ. ಡೀಸೆಲ್ ಎಂಜಿನ್ ಇಳಿಜಾರಿನಲ್ಲಿ ಆ ಶಕ್ತಿಯನ್ನು ಶಾಖವಾಗಿಸಿ ಗಾಳಿಗೆ ಬಿಡುತ್ತದೆ. ಮೂರು-ಫೇಸ್ ವಿದ್ಯುತ್ ಎಂಜಿನ್ನಿನಲ್ಲಿ ಮೋಟಾರುಗಳೇ ಜನರೇಟರುಗಳಾಗಿ ಗಾಡಿಯನ್ನು ತಡೆಯುತ್ತ, ಹುಟ್ಟಿದ ವಿದ್ಯುತ್ತನ್ನು ತಂತಿಗೆ ಹಿಂದಿರುಗಿಸುತ್ತವೆ. ನಷ್ಟಗಳನ್ನು ಕಳೆದು ಉಳಿದ ಪಾಲು, ಏರುತ್ತಿರುವ ಇನ್ನೊಂದು ಗಾಡಿಗೆ ದಕ್ಕುತ್ತದೆ. ಜೊತೆಗೆ, ಬೋಗಿಗಳ ದೀಪ, ಫ್ಯಾನು, ಹವಾನಿಯಂತ್ರಣಕ್ಕೂ ಎಂಜಿನ್ನಿನಿಂದಲೇ ವಿದ್ಯುತ್ ಕೊಡುವ ವ್ಯವಸ್ಥೆ ಡಬ್ಲ್ಯುಎಪಿ-7ರಲ್ಲಿ ಸಾಧ್ಯವಾಗಿರುವುದರಿಂದ, ಗಾಡಿಯ ತುದಿಯಲ್ಲಿ ಡೀಸೆಲ್ ಸುಡುತ್ತ ಗುಡುಗುವ ಜನರೇಟರ್ ಬೋಗಿಯ ಕೆಲಸವೂ ತಗ್ಗುತ್ತದೆ. 57 ಸುರಂಗಗಳ ನಡುವೆ ಹಳಿ ಕಾಯುವ ಗ್ಯಾಂಗ್‌ಮನ್‌ಗಳ ಶ್ವಾಸಕೋಶದ ದೃಷ್ಟಿಯಿಂದಲೂ ಇದು ಸಣ್ಣ ಸಂಗತಿಯಲ್ಲ.

ಆದ್ದರಿಂದ ನಮ್ಮ ನಿಲುವು ಸ್ಪಷ್ಟ: ಈಗಿರುವ ಹಳಿಯ ಮೇಲೆ ಪ್ರಯಾಣಿಕರನ್ನು ಒಯ್ಯುವ ವಿದ್ಯುತ್ ಎಂಜಿನ್ನನ್ನು ಬಳಗ ಸ್ವಾಗತಿಸುತ್ತದೆ. ಪಕ್ಕದ ಶಿರಾಡಿ ಘಾಟಿಯಲ್ಲಿ ಹೆದ್ದಾರಿ ಅಗಲಿಸಲು ಗುಡ್ಡಗಳನ್ನು ನೆಟ್ಟಗೆ ಕಡಿದದ್ದರ ಪರಿಣಾಮವನ್ನು 2024ರ ಜುಲೈನಲ್ಲಿ ದೊಡ್ಡತೊಪ್ಪಲಿನಲ್ಲಿ ಎಲ್ಲರೂ ಕಂಡಿದ್ದೇವೆ. ರೈಲು ಹತ್ತುವ ಪ್ರತಿಯೊಬ್ಬ ಪ್ರಯಾಣಿಕನೂ ಆ ರಸ್ತೆಯ ಮೇಲಿನ ಒತ್ತಡವನ್ನು ಅಷ್ಟರಮಟ್ಟಿಗೆ ಇಳಿಸುತ್ತಾನೆ.

ಆದರೆ ಸ್ವಾಗತದೊಂದಿಗೆ ಲೆಕ್ಕ ಕೇಳುವ ಹಕ್ಕನ್ನೂ ನಾವು ಬಿಟ್ಟುಕೊಡಲಾರೆವು. ಮೊದಲ ಲೆಕ್ಕ ವಿದ್ಯುತ್ತಿನ ಮೂಲದ್ದು. ದೇಶದಲ್ಲಿ ಇಂದು ಉತ್ಪಾದನೆಯಾಗುವ ವಿದ್ಯುತ್ತಿನ ಹತ್ತರಲ್ಲಿ ಸುಮಾರು ಏಳು ಪಾಲು ಕಲ್ಲಿದ್ದಲಿನದು. ಎಂಜಿನ್ನಿನ ನೆತ್ತಿಯ ಮೇಲೆ ಹೊಗೆ ಕಾಣದಿದ್ದರೆ ಅದು ರಾಯಚೂರಿನಲ್ಲೋ ನಂದಿಕೂರಿನಲ್ಲೋ ಕಾಣುತ್ತಿರಬಹುದು. ಕಲ್ಲಿದ್ದಲಿಗೆ ಬದಲಿಯೆಂದು ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಡಲಾಗಿದೆ. ಹೊಗೆಯನ್ನು ತಪ್ಪಿಸಲು ಕಾಡನ್ನು ಮುಳುಗಿಸುವ, ಕೊರೆಯುವ ಈ ತರ್ಕವನ್ನು ಒಪ್ಪಲಾಗದು. 2030ರ ಹೊತ್ತಿಗೆ ನಿವ್ವಳ ಇಂಗಾಲ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸುವ ಗುರಿಯನ್ನು ರೈಲ್ವೆ ಘೋಷಿಸಿಕೊಂಡಿದೆ. ಹಾಗಿದ್ದರೆ ಘಟ್ಟದ ತಂತಿಗೆ ಬರುವ ವಿದ್ಯುತ್ತು ಬಯಲುಸೀಮೆಯ ಬಿಸಿಲಿನಿಂದ, ನಿಲ್ದಾಣಗಳ ಚಾವಣಿಯಿಂದ ಎಷ್ಟು ಬಂತು ಎಂಬುದನ್ನು ವರ್ಷವರ್ಷವೂ ಜನರ ಮುಂದಿಡಲಿ.

ಎರಡನೆಯದು ಹಳಿಯ ಲೆಕ್ಕ. ವಿದ್ಯುದೀಕರಣದಿಂದ ಗಾಡಿಗಳ ಸಂಖ್ಯೆ ಹೆಚ್ಚಿಸಬಹುದು ಎಂದೊಡನೆ ಜೋಡಿ ಹಳಿಯ ಮಾತು ಹುಟ್ಟಿಕೊಳ್ಳುತ್ತದೆ. ಕ್ಯಾಸಲ್‌ರಾಕ್–ಕುಳೆಂ ನಡುವಿನ ಜೋಡಿ ಹಳಿಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಅನುಮತಿಯನ್ನು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ರದ್ದುಗೊಳಿಸಿತು. ಗೋವೆಯ ಜನ ಅಲ್ಲಿ ಎತ್ತಿದ ಮುಖ್ಯ ಪ್ರಶ್ನೆ, ಆ ಹಳಿ ಪ್ರಯಾಣಿಕರಿಗೋ ಕಲ್ಲಿದ್ದಲಿಗೋ ಎಂಬುದಾಗಿತ್ತು. ನಮ್ಮ ಘಾಟಿಯಲ್ಲೂ ಅದೇ ಪ್ರಶ್ನೆಯನ್ನು ಕೇಳಬೇಕಾಗಿದೆ. ಗೇಜ್ ಪರಿವರ್ತನೆಯಾದಾಗ ಗೂಡ್ಸ್ ಗಾಡಿ ಮೊದಲು ಓಡಿ, ಪ್ರಯಾಣಿಕರು ಒಂದೂವರೆ ವರ್ಷ ಕಾದದ್ದನ್ನು ಮರೆಯಲಾಗದು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿಯ ಬಳಿ ಹಳಿಯ ಕೆಳಗಿನ ಮಣ್ಣೇ ಜಾರಿ ಸಂಚಾರ ನಿಂತಿತು. ಒಂದು ಹಳಿಯನ್ನೇ ಹೊತ್ತು ನಿಲ್ಲಲಾರದ ಗುಡ್ಡಕ್ಕೆ ಎರಡನೆಯದನ್ನು ಹೊರಿಸುವುದು ವಿವೇಕವಲ್ಲ.

ಮೂರನೆಯದು ಜೀವಗಳ ಲೆಕ್ಕ. ಹೈವೋಲ್ಟೇಜ್ ತಂತಿಯ ಸುತ್ತ ಮರದ ಕೊಂಬೆ ಇರಕೂಡದು. ಆ ಹೆಸರಿನಲ್ಲಿ ಪ್ರತಿ ವರ್ಷ ಕೊಡಲಿ ಎಷ್ಟು ಒಳಗೆ ಹೋಗುತ್ತದೆಂಬುದನ್ನು ಕಾಯುವವರಾರು? ಹಳಿಯ ಎರಡು ಬದಿಗಳನ್ನು ನೆತ್ತಿಯಲ್ಲಿ ಬೆಸೆದಿರುವ ಮರಗಳು ಕಡಿದುಹೋದರೆ ಸಿಂಗಳೀಕ, ಕೆಂಜಳಿಲುಗಳ ದಾರಿ ಕಡಿದಂತೆಯೇ. ಡೀಸೆಲ್ ಎಂಜಿನ್ನಿನ ಅಬ್ಬರವಿಲ್ಲದೆ ಬರುವ ಗಾಡಿ ಆನೆಗಳಿಗೆ ತಡವಾಗಿ ತಿಳಿಯುವ ಅಪಾಯವೂ ಇದೆ. ಈಶಾನ್ಯ ಗಡಿ ರೈಲ್ವೆಯಲ್ಲಿ ಹಳಿಯ ಬದಿಯ ಆಪ್ಟಿಕಲ್ ಫೈಬರ್ ಮೂಲಕ ಆನೆಯ ನಡಿಗೆಯ ಕಂಪನವನ್ನು ಗುರುತಿಸಿ ಚಾಲಕರನ್ನು ಎಚ್ಚರಿಸುವ ವ್ಯವಸ್ಥೆಯನ್ನು ಅಳವಡಿಸಲಾಗಿದೆ. ಸಕಲೇಶಪುರದ ಸುತ್ತಲಿನ ಆನೆಗಳಿಗೂ ಆ ರಕ್ಷಣೆ ಸಲ್ಲಬೇಕು.

ಆದ್ದರಿಂದ ರೈಲ್ವೆಯ ಮುಂದೆ ನಾವು ಇಡುವ ಬೇಡಿಕೆಗಳು ಸರಳವಾದವು. ವಿದ್ಯುದೀಕರಣದಿಂದ ಹೆಚ್ಚುವ ಸಾಮರ್ಥ್ಯದಲ್ಲಿ ಮೊದಲ ಪಾಲು ಪ್ರಯಾಣಿಕ ಗಾಡಿಗಳಿಗೆ ಸಿಗಲಿ. ಘಟ್ಟದ ಸಣ್ಣ ನಿಲ್ದಾಣಗಳ ಜನ ಹತ್ತಿಳಿಯುವಂತಹ ಹಗಲು ಗಾಡಿ ಅದರಲ್ಲಿರಲಿ. ಇಲ್ಲಿ ಇಳಿಯುವ ಗಾಡಿಗಳಿಗೆ ವಿದ್ಯುತ್ತನ್ನು ಹಿಂದಿರುಗಿಸುವ ಎಂಜಿನ್ನುಗಳನ್ನೇ ಹೂಡಿ, ಉಳಿದ ಯೂನಿಟ್‌ಗಳ ಲೆಕ್ಕವನ್ನು ಪ್ರಕಟಿಸಲಿ. ತಂತಿಗಾಗಿ ಕೊಂಬೆ ಕಡಿಯುವಾಗ ಅರಣ್ಯ ಇಲಾಖೆಯೊಂದಿಗೆ ಸ್ಥಳೀಯ ಗ್ರಾಮಸಭೆಯೂ ಸಾಕ್ಷಿಯಾಗಿರಲಿ. ಜೋಡಿ ಹಳಿಯ ಪ್ರಸ್ತಾಪವನ್ನು ಕೈಬಿಟ್ಟು, ಇರುವ ಹಳಿಯ ಇಳಿಜಾರುಗಳನ್ನೂ ನೀರಿನ ಹರಿವನ್ನೂ ಭದ್ರಪಡಿಸಲಿ.

ಎಂಜಿನ್ ಯಾವುದೇ ಇರಲಿ, ಅದನ್ನು ಹೊತ್ತು ನಿಂತಿರುವುದು ಗುಡ್ಡ. ಗುಡ್ಡವನ್ನು ಹಿಡಿದಿರುವುದು ಬೇರು. ಬೇರು ಉಳಿಯುವಷ್ಟು ದಿನ ಮಾತ್ರ ರೈಲು ಉಳಿದೀತು. ಇದನ್ನು ಆಳುವವರಿಗೆ ನೆನಪಿಸುತ್ತಲೇ ಇರುವುದು ಘಟ್ಟದ ಮಕ್ಕಳಾದ ನಮ್ಮ ನಿಮ್ಮೆಲ್ಲರ ಹೊಣೆ.